ಕಾಲಿನ ಹರಡಿನ ಒಳಬದಿಯಲ್ಲಿ ಗ್ಯಾಂಗ್ಲಿಯಾನ್ ಗಂಟು, ಅಂಗಾಲಿನಲ್ಲಿ ಉರಿ: ಸೂಜಿ ಹಾಕಿಸಿ ನೀರು ತೆಗೆಸಬಹುದೇ?

ಪ್ರಶ್ನೆ: ಹರಿಹರದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆ ನನ್ನ ತಮ್ಮನ ಪರವಾಗಿ. ಅವನಿಗೆ 34 ವರ್ಷ, ಬಸ್ ಕಂಡಕ್ಟರ್ ಆಗಿದ್ದಾನೆ, ದಿನದ ಬಹುಪಾಲು ನಿಂತೇ ಇರಬೇಕಾದ ಕೆಲಸ. ಕಳೆದ ವರ್ಷದ ಮಳೆಗಾಲದಿಂದ ಅವನ ಬಲ ಅಂಗಾಲಿನಲ್ಲಿ ಉರಿ ಕಾಣಿಸಿಕೊಂಡಿದೆ. ಹಗಲು ಹೇಗೋ ತಡೆದುಕೊಳ್ಳುತ್ತಾನೆ, ಆದರೆ ಡ್ಯೂಟಿ ಮುಗಿಸಿ ಮಲಗಿದ ಮೇಲೆ ಉರಿ ಏರುತ್ತದೆ. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳುಗಳ ತಳಭಾಗ ಜೋಮು ಹಿಡಿದಂತೆ ಇರುತ್ತದೆ. ಹಿಮ್ಮಡಿಯಲ್ಲಿ ಮಾತ್ರ ಏನೂ ತೊಂದರೆಯಿಲ್ಲ ಎನ್ನುತ್ತಾನೆ. ಎಡಗಾಲು ಪೂರ್ತಿ ಚೆನ್ನಾಗಿದೆ.

ಮೊದಲು ತೋರಿಸಿದಲ್ಲಿ ಅಂಗಾಲಿನ ಪೊರೆಯ ಊತ ಎಂದು ಹೇಳಿ ಮೆತ್ತನೆಯ ಚಪ್ಪಲಿಯನ್ನೂ ನೋವಿನ ಮಾತ್ರೆಯನ್ನೂ ಕೊಟ್ಟರು. ಅದರಿಂದ ಗುಣ ಕಾಣದಿದ್ದಾಗ ಸೊಂಟದಲ್ಲಿ ನರ ಒತ್ತಿರಬಹುದೆಂದು ಬೆನ್ನಿನ ಎಂಆರ್‌ಐ ಮಾಡಿಸಿದರು, ಅದರಲ್ಲಿ ಯಾವ ದೋಷವೂ ಇರಲಿಲ್ಲ. ಸಕ್ಕರೆ ಕಾಯಿಲೆಯೂ ಇಲ್ಲ. ಕೊನೆಗೆ ಒಬ್ಬ ವೈದ್ಯರು ಹರಡಿನ ಒಳಬದಿಯ ಗಿಣ್ಣಿನ ಹಿಂದೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದರು. ಆಗ ಹೆಬ್ಬೆರಳಿನವರೆಗೂ ಕರೆಂಟ್ ಹೊಡೆದಂತಾಗಿ ಅವನು ಕಾಲನ್ನೇ ಎಳೆದುಕೊಂಡ. ತಕ್ಷಣ ಅಲ್ಟ್ರಾಸೌಂಡ್ ಮಾಡಿಸಿದರು. ಆ ಜಾಗದಲ್ಲಿ ಸುಮಾರು 2 ಸೆಂಟಿಮೀಟರ್ ಗಾತ್ರದ, ದ್ರವ ತುಂಬಿದ ಚೀಲವಿದೆ, ಗ್ಯಾಂಗ್ಲಿಯಾನ್ ಇರಬಹುದು ಎಂದು ವರದಿ ಬಂದಿದೆ. ಹೊರಗಿನಿಂದ ನೋಡಿದರೆ ಯಾವ ಗಂಟೂ ಕಾಣುವುದಿಲ್ಲ.

ಈಗ ಒಬ್ಬರು ಸೂಜಿ ಹಾಕಿ ನೀರು ತೆಗೆದರೆ ಸಾಕು, ಅರ್ಧ ಗಂಟೆಯ ಕೆಲಸ ಎನ್ನುತ್ತಾರೆ. ಇನ್ನೊಬ್ಬರು ಕಾಲಿನ ಎಂಆರ್‌ಐ ನೋಡದೆ ಅಲ್ಲಿ ಸೂಜಿಯನ್ನೂ ಹಾಕುವುದಿಲ್ಲ, ಆಪರೇಷನ್ ಬೇಕಾಗಬಹುದು ಎನ್ನುತ್ತಾರೆ. ನಮ್ಮ ತಾಯಿ ದಿನವೂ ಉಪ್ಪಿನ ಶಾಖ ಕೊಡುತ್ತಿದ್ದಾರೆ. ನೀರು ತುಂಬಿದ ಸಣ್ಣ ಗಂಟಿಗೆ ಇಷ್ಟೆಲ್ಲ ಪರೀಕ್ಷೆಗಳು ನಿಜವಾಗಿಯೂ ಬೇಕೇ? ನಮ್ಮ ಪಕ್ಕದ ಮನೆಯವರಿಗೆ ಪಾದದ ಮೇಲ್ಭಾಗದಲ್ಲಿ ಇಂಥದೇ ಗಂಟು ಇದೆ, ಅವರು ಅದನ್ನು ಹಾಗೆಯೇ ಬಿಟ್ಟು ಆರಾಮವಾಗಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಮೂಳೆ ಮತ್ತು ಕೀಲು ತಜ್ಞ, ಮೈಸೂರು

ಮೇಡಂ, ತಮ್ಮನ ಕಾಲನ್ನು ನೋಡದೆ ಇದೇ ಕಾಯಿಲೆ ಎಂದು ನಾನು ಹೇಳಲಾರೆ. ಆದರೆ ನೀವು ಬರೆದಿರುವ ಲಕ್ಷಣಗಳು ಬಹಳ ಸ್ಪಷ್ಟವಾಗಿವೆ. ಎಂಆರ್‌ಐ ನೋಡದೆ ಸೂಜಿ ಹಾಕುವುದಿಲ್ಲ ಎಂದ ವೈದ್ಯರ ಮಾತನ್ನೇ ಕೇಳಿ ಎಂಬುದು ನನ್ನ ಅಭಿಪ್ರಾಯ.

ಪಕ್ಕದ ಮನೆಯವರ ಗಂಟಿಗೂ ನಿಮ್ಮ ತಮ್ಮನ ಗಂಟಿಗೂ ಒಳಗಿರುವ ಪದಾರ್ಥ ಒಂದೇ ಇರಬಹುದು. ಅದು ಹೈಲುರಾನಿಕ್ ಆಮ್ಲ ಹೇರಳವಾಗಿರುವ, ಲೋಳೆಸರದ ತಿರುಳಿನಂಥ ಗಟ್ಟಿ ದ್ರವ. ವ್ಯತ್ಯಾಸ ಇರುವುದು ಜಾಗದಲ್ಲಿ. ಪಾದದ ಮೇಲ್ಭಾಗದಲ್ಲಿ ಚರ್ಮದಡಿ ಜಾಗವಿದೆ, ಗಂಟು ಹೊರಗೆ ಉಬ್ಬಿ ಬೆಳೆಯುತ್ತದೆ. ಚಪ್ಪಲಿಯ ಪಟ್ಟಿ ಉಜ್ಜುವುದನ್ನು ಬಿಟ್ಟರೆ ಬೇರೆ ತೊಂದರೆ ಕೊಡದೆ ಎಷ್ಟೋ ವರ್ಷ ಇರುತ್ತದೆ, ಕೆಲವೊಮ್ಮೆ ತಾನಾಗಿಯೇ ಕರಗುತ್ತದೆ. ಅಂಥದ್ದನ್ನು ಬಿಟ್ಟುಬಿಡಿ ಎಂದು ನಾನೇ ಅನೇಕರಿಗೆ ಹೇಳುತ್ತೇನೆ. ಒಳಗಿಣ್ಣಿನ ಹಿಂದಿನ ಜಾಗ ಹಾಗಲ್ಲ. ಅಲ್ಲಿ ಒಂದು ಕಡೆ ಮೂಳೆ, ಇನ್ನೊಂದು ಕಡೆ ಗಟ್ಟಿಯಾದ ಪಟ್ಟಿಯಂಥ ಪೊರೆ. ಇವೆರಡರ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಮೂರು ಸ್ನಾಯುರಜ್ಜುಗಳು, ಪಾದಕ್ಕೆ ರಕ್ತ ಒಯ್ಯುವ ಮುಖ್ಯ ಧಮನಿ, ಅದರ ಜೊತೆಯ ಸಿರೆಗಳು ಮತ್ತು ಅಂಗಾಲಿಗೆ ಸ್ಪರ್ಶ ಕೊಡುವ ಟಿಬಿಯಲ್ ನರ ಒಟ್ಟಾಗಿ ಸಾಗುತ್ತವೆ. ಇದನ್ನು ಟಾರ್ಸಲ್ ಟನೆಲ್ ಎನ್ನುತ್ತೇವೆ. ಇಲ್ಲಿ ನರ ಒತ್ತಿಹೋಗುವ ಸ್ಥಿತಿಯನ್ನು 1962ರಲ್ಲಿ ಕೆಕ್ ಮತ್ತು ಲ್ಯಾಮ್ ಎಂಬ ಇಬ್ಬರು ವೈದ್ಯರು ಪ್ರತ್ಯೇಕವಾಗಿ ವಿವರಿಸಿದರು. ಹೊರಗೆ ಉಬ್ಬಲು ಜಾಗವಿಲ್ಲದ ಕಾರಣ 2 ಸೆಂಟಿಮೀಟರ್ ಗಂಟು ಕಣ್ಣಿಗೆ ಕಾಣದೆಯೇ ನರವನ್ನು ಒತ್ತಬಲ್ಲದು.

ಹಿಮ್ಮಡಿ ಚೆನ್ನಾಗಿದೆ ಎಂದು ಬರೆದಿದ್ದೀರಿ. ಅದು ಮುಖ್ಯವಾದ ಮಾತು. ಹಿಮ್ಮಡಿಗೆ ಹೋಗುವ ಕವಲು ಬಹಳ ಜನರಲ್ಲಿ ಈ ದಾರಿಗಿಂತ ಮೇಲೆಯೇ ಒಡೆದುಕೊಂಡಿರುತ್ತದೆ. ಹೆಬ್ಬೆರಳಿನಿಂದ ನಾಲ್ಕನೇ ಬೆರಳಿನ ಅರ್ಧದವರೆಗಿನ ತಳಭಾಗಕ್ಕೆ ಸ್ಪರ್ಶ ಕೊಡುವುದು ಒಳಬದಿಯ ಅಂಗಾಲು ನರ. ಆದ್ದರಿಂದ ಅವನ ಜೋಮಿನ ನಕ್ಷೆಯೇ ಯಾವ ಕವಲು ಒತ್ತಿದೆ ಎಂಬುದನ್ನು ತೋರಿಸುತ್ತಿದೆ. ಅಂಗಾಲಿನ ಪೊರೆಯ ಊತದಲ್ಲಿ ಬೆಳಿಗ್ಗೆ ಎದ್ದು ಇಟ್ಟ ಮೊದಲ ಹೆಜ್ಜೆಗೆ ಹಿಮ್ಮಡಿಯೇ ನೋಯುತ್ತದೆ. ರಾತ್ರಿಯ ಉರಿ ಮತ್ತು ಬೆರಳುಗಳ ಜೋಮು ಅದರ ಲಕ್ಷಣವಲ್ಲ. ಪಾದವನ್ನು ಮೇಲಕ್ಕೆತ್ತಿ, ಹೊರಕ್ಕೆ ತಿರುಗಿಸಿ, ಬೆರಳುಗಳನ್ನೂ ಮೇಲಕ್ಕೆ ಬಾಗಿಸಿ ಐದರಿಂದ ಹತ್ತು ಸೆಕೆಂಡು ಹಿಡಿದಾಗ ಉರಿ ಹೆಚ್ಚಿದರೆ ಈ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಸೂಜಿಯ ವಿಚಾರಕ್ಕೆ ಬರುತ್ತೇನೆ. ನರ ಮತ್ತು ಧಮನಿ ಗಂಟಿಗೆ ಅಂಟಿಕೊಂಡಂತಿರುವ ಜಾಗದಲ್ಲಿ ಕಣ್ಣಳತೆಯ ಮೇಲೆ ಸೂಜಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ದ್ರವ ಗಟ್ಟಿಯಾಗಿರುವುದರಿಂದ ದಪ್ಪ ಸೂಜಿಯೇ ಬೇಕು, ಅದು ನರಕ್ಕೆ ತಾಗಿದರೆ ಈಗಿನ ಉರಿಗಿಂತ ಕೆಟ್ಟ ಉರಿ ಉಳಿಯಬಹುದು. ಜೊತೆಗೆ, ನೀರು ತೆಗೆದ ಗ್ಯಾಂಗ್ಲಿಯಾನ್‌ಗಳು ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಮತ್ತೆ ತುಂಬಿಕೊಳ್ಳುತ್ತವೆ, ಏಕೆಂದರೆ ಚೀಲ ಬರಿದಾದರೂ ಕೀಲಿನಿಂದಲೋ ರಜ್ಜುವಿನ ಕವಚದಿಂದಲೋ ಅದಕ್ಕೆ ದ್ರವ ಹರಿಸುವ ತೊಟ್ಟು ಹಾಗೆಯೇ ಉಳಿದಿರುತ್ತದೆ. ಆ ತೊಟ್ಟು ಎಲ್ಲಿಂದ ಹೊರಟಿದೆ ಎಂದು ಮೊದಲು ತಿಳಿಯಬೇಕು. ಚಿಕಿತ್ಸೆಯ ದಾರಿಯನ್ನು ಅದೇ ತೀರ್ಮಾನಿಸುತ್ತದೆ.

ಉಪ್ಪಿನ ಶಾಖವನ್ನು ಇಂದೇ ನಿಲ್ಲಿಸಿ ಎಂದು ತಾಯಿಯವರಿಗೆ ದಯವಿಟ್ಟು ತಿಳಿಸಿ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಸ್ಪರ್ಶ ಕಡಿಮೆಯಾದ ಅಂಗಾಲಿಗೆ ಬಿಸಿ ಎಷ್ಟಿದೆ ಎಂಬುದು ತಿಳಿಯುವುದಿಲ್ಲ. ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುತ್ತದೆ. ಗಂಟನ್ನು ಒತ್ತಿ ಒಡೆಯುವುದು, ಬರೆ ಹಾಕಿಸುವುದು ಇವನ್ನಂತೂ ಯಾರು ಹೇಳಿದರೂ ಮಾಡಿಸಬೇಡಿ.

ಇನ್ನೊಂದು ಮಾತು. ನಮ್ಮ ನಾಡಿನಲ್ಲಿ ಒಂದೇ ಕಾಲಿನ ಅಂಗಾಲು ಜೋಮು ಹಿಡಿದರೆ ಕುಷ್ಠರೋಗವನ್ನೂ ಮನಸ್ಸಿನಲ್ಲಿಟ್ಟು ನೋಡಬೇಕು, ಏಕೆಂದರೆ ಅದು ಸಾಮಾನ್ಯವಾಗಿ ಹಿಡಿಯುವ ನರಗಳಲ್ಲಿ ಒಳಗಿಣ್ಣಿನ ಹಿಂದಿನ ಈ ಟಿಬಿಯಲ್ ನರವೂ ಒಂದು. ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆಗಳಿವೆಯೇ, ಮೊಣಕೈ ಬಳಿಯ ನರ ದಪ್ಪವಾಗಿದೆಯೇ ಎಂದು ನೋಡಲು ಐದು ನಿಮಿಷ ಸಾಕು. ಗಂಟು ಸಿಕ್ಕಿತು ಎಂಬ ಕಾರಣಕ್ಕೆ ಆ ಪರೀಕ್ಷೆಯನ್ನು ಬಿಡಬಾರದು.

ಉತ್ತರ: ರೇಡಿಯಾಲಜಿ ವೈದ್ಯೆ, ಹುಬ್ಬಳ್ಳಿ

ಮೇಲಿನ ವೈದ್ಯರ ಮಾತನ್ನು ಒಪ್ಪುತ್ತೇನೆ, ಒಂದು ಸಣ್ಣ ತಿದ್ದುಪಡಿಯೊಂದಿಗೆ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ ಅನುಭವಿಗಳು ಸೂಜಿ ಹಾಕಿದರೆ ಟಾರ್ಸಲ್ ಟನೆಲ್‌ನಲ್ಲೂ ಅಪಾಯ ಬಹಳ ತಗ್ಗುತ್ತದೆ. ಆಪರೇಷನ್ ಸದ್ಯಕ್ಕೆ ಸಾಧ್ಯವಿಲ್ಲದವರಿಗೆ ಅದು ತಾತ್ಕಾಲಿಕ ಪರಿಹಾರವಾಗಬಲ್ಲದು. ಆದರೆ ಅದಕ್ಕೂ ಮೊದಲು, ಇದು ಗ್ಯಾಂಗ್ಲಿಯಾನ್ ಹೌದೇ ಅಲ್ಲವೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು.

ಅಲ್ಟ್ರಾಸೌಂಡ್‌ನಲ್ಲಿ ನಿಜವಾದ ಗ್ಯಾಂಗ್ಲಿಯಾನ್ ಒಳಗೆಲ್ಲ ಕಪ್ಪಾಗಿ, ಅಂಚು ತೆಳುವಾಗಿ, ಹಿಂಭಾಗ ಹೆಚ್ಚು ಬೆಳಗಿದಂತೆ ಕಾಣುತ್ತದೆ. ಡಾಪ್ಲರ್ ಹಾಕಿದರೆ ಒಳಗೆ ರಕ್ತದ ಹರಿವು ಇರುವುದಿಲ್ಲ. ಡಾಪ್ಲರ್ ಹಾಕದೆ ಬರೆದ ವರದಿಯನ್ನು ನಾನು ಪೂರ್ಣ ವರದಿ ಎಂದು ಪರಿಗಣಿಸುವುದಿಲ್ಲ, ಏಕೆಂದರೆ ಧಮನಿಯ ಗೋಡೆ ಉಬ್ಬಿ ಆದ ಚೀಲವೂ ಮೊದಲ ನೋಟಕ್ಕೆ ನೀರುಗುಳ್ಳೆಯಂತೆಯೇ ಕಾಣುತ್ತದೆ. ಅದಕ್ಕೆ ಸೂಜಿ ಚುಚ್ಚಿದರೆ ಏನಾಗಬಹುದೆಂದು ವಿವರಿಸುವ ಅಗತ್ಯವಿಲ್ಲ.

ಎಂಆರ್‌ಐನಲ್ಲಿ ಗ್ಯಾಂಗ್ಲಿಯಾನ್ ಟಿ1 ಎಂಬ ಬಗೆಯ ಚಿತ್ರದಲ್ಲಿ ಮಂಕಾಗಿ, ಟಿ2 ಎಂಬ ಬಗೆಯ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ತೊಂದರೆ ಏನೆಂದರೆ, ಕೆಲವು ಗಡ್ಡೆಗಳೂ ಹೀಗೆಯೇ ಹೊಳೆಯುತ್ತವೆ. ಅವುಗಳಲ್ಲಿ ನಾನು ಹೆಚ್ಚು ಭಯಪಡುವುದು ಸೈನೋವಿಯಲ್ ಸಾರ್ಕೋಮಾಕ್ಕೆ. ಅದು ಅಪರೂಪದ ಕ್ಯಾನ್ಸರ್. ಆದರೆ ಹರೆಯದವರಲ್ಲಿ ಮತ್ತು ನಡುವಯಸ್ಸಿಗೆ ಮುಟ್ಟದವರಲ್ಲಿ, ಕೈಕಾಲುಗಳ ಕೀಲಿನ ಹತ್ತಿರವೇ ಹೆಚ್ಚಾಗಿ ಬರುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಬೆಳೆದು ಸಾಧಾರಣ ಗಂಟಿನಂತೆ ನಟಿಸುತ್ತದೆ. ಆದ್ದರಿಂದ ಆಳದಲ್ಲಿರುವ, ನೋಯುವ, ಬೆಳೆಯುತ್ತಿರುವ, ಅಥವಾ ಸೂಜಿ ಹಾಕಿದರೂ ಲೋಳೆ ಬಾರದ ಗಂಟಿಗೆ ಚಿತ್ರದಲ್ಲಿ ಅಂಗಾಂಶವನ್ನು ಬೆಳಗಿಸಿ ತೋರಿಸುವ ಗ್ಯಾಡೊಲಿನಿಯಂ ಔಷಧಿ ಕೊಟ್ಟು ಎಂಆರ್‌ಐ ಮಾಡಿಸುತ್ತೇವೆ. ಗ್ಯಾಂಗ್ಲಿಯಾನ್ ಆದರೆ ಅಂಚು ಮಾತ್ರ ತೆಳುವಾಗಿ ಬೆಳಗುತ್ತದೆ, ಒಳಗೆ ಏನೂ ಆಗುವುದಿಲ್ಲ. ಒಳಗಿನ ಭಾಗವೂ ಬೆಳಗಿದರೆ ಅದು ನೀರಿನ ಚೀಲವಲ್ಲ, ಘನ ಗಡ್ಡೆ. ಆಗ ಬಯಾಪ್ಸಿ ಆಗದೆ, ಅದೂ ಗಡ್ಡೆಗಳ ಚಿಕಿತ್ಸೆಯಲ್ಲಿ ಅನುಭವವಿರುವ ತಂಡದಿಂದ ಆಗದೆ, ಯಾರೂ ಕತ್ತರಿ ಹಾಕಬಾರದು. ಒಂದು ಸಾಧಾರಣ ಎಕ್ಸ್-ರೇ ಕೂಡ ಜೊತೆಗಿರಲಿ. ಗಂಟಿನೊಳಗೆ ಸುಣ್ಣದ ಚುಕ್ಕೆಗಳು ಕಂಡರೆ ನಾವು ಎಚ್ಚರಗೊಳ್ಳುತ್ತೇವೆ.

ಚಿತ್ರ ನೋಡುವಾಗ ನಾನು ವಿಶೇಷವಾಗಿ ಹುಡುಕುವ ಮತ್ತೊಂದು ಸಂಗತಿಯಿದೆ: ಚೀಲ ನರದ ಪಕ್ಕದಲ್ಲಿದೆಯೋ, ನರದ ಕವಚದ ಒಳಗೇ ಇದೆಯೋ? ಅಮೆರಿಕದ ಮೇಯೊ ಕ್ಲಿನಿಕ್‌ನ ರಾಬರ್ಟ್ ಸ್ಪಿನ್ನರ್ ಮತ್ತು ಅವರ ಸಹೋದ್ಯೋಗಿಗಳು, ನರದೊಳಗಿನ ಗ್ಯಾಂಗ್ಲಿಯಾನ್ ಎನ್ನುವುದು ಕೀಲಿನಿಂದಲೇ ಹೊರಟ ದ್ರವ ಎಂದು ತೋರಿಸಿಕೊಟ್ಟರು. ಕೀಲಿಗೆ ಹೋಗುವ ಸಣ್ಣ ನರಕವಲಿನ ಮೂಲಕ ಆ ದ್ರವ ಹಿಮ್ಮುಖವಾಗಿ ಹತ್ತಿ ಮುಖ್ಯ ನರದೊಳಗೆ ತುಂಬಿಕೊಳ್ಳುತ್ತದೆ. ಮೊಣಕಾಲಿನ ಹೊರಬದಿಯ ಪೆರೋನಿಯಲ್ ನರದಲ್ಲಿ ಇದು ಹೆಚ್ಚು ಕಾಣುತ್ತದೆ. ಅಂಥವರು ಪಾದ ಎತ್ತಲಾಗದೆ, ಹೆಜ್ಜೆ ಇಡುವಾಗ ಮುಂಗಾಲು ನೆಲಕ್ಕೆ ಬಡಿಯುತ್ತದೆ ಎಂದು ಬರುತ್ತಾರೆ. ಹರಡಿನ ಬಳಿ ಟಿಬಿಯಲ್ ನರದಲ್ಲಿ ಇದು ಅಪರೂಪ, ಆದರೂ ಆಗುತ್ತದೆ. ಆಗ ಆಪರೇಷನ್ನಿನ ರೀತಿಯೇ ಬದಲಾಗುತ್ತದೆ. ಚೀಲವನ್ನು ನರದ ಎಳೆಗಳಿಂದ ಬಿಡಿಸಲು ಹೋದರೆ ನರವೇ ಹಾಳಾಗುತ್ತದೆ. ಕೀಲಿನಿಂದ ದ್ರವ ತರುವ ಆ ಸಣ್ಣ ಕವಲನ್ನು ಗಂಟು ಹಾಕಿ ಕತ್ತರಿಸಿದರೆ ದ್ರವದ ಹರಿವು ನಿಲ್ಲುತ್ತದೆ. ಈ ವ್ಯತ್ಯಾಸ ಆಪರೇಷನ್ ಟೇಬಲ್ಲಿನ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಿರಬೇಕು.

ಉತ್ತರ: ಪುತ್ತೂರಿನ ಓದುಗ

ನಾನು ವೈದ್ಯನಲ್ಲ, ರೋಗಿಯಾಗಿ ಕಂಡದ್ದನ್ನು ಬರೆಯುತ್ತಿದ್ದೇನೆ. ನನ್ನ ಗ್ಯಾಂಗ್ಲಿಯಾನ್ ಇದ್ದದ್ದು ಮೂಳೆಯ ಒಳಗೆ. ಹರಡಿನ ಒಳಗೆ ಆಳದಲ್ಲಿ ಒಂದೇ ಸಮನೆ ಕೊರೆಯುವ ನೋವು. ಅಡಿಕೆ ತೋಟದ ಇಳಿಜಾರಿನಲ್ಲಿ ಇಳಿಯುವಾಗ ಅದು ಹೆಚ್ಚುತ್ತಿತ್ತು, ಹೊರಗೆ ಊತ ಇರಲಿಲ್ಲ. ಉಳುಕು ಎಂದೇ ಎಣ್ಣೆ ಹಚ್ಚಿ, ಪಟ್ಟಿ ಕಟ್ಟಿ ಕಾಲ ಕಳೆದೆವು. ಕೊನೆಗೆ ಎಕ್ಸ್-ರೇಯಲ್ಲಿ ಒಳಗಿಣ್ಣಿನ ಮೂಳೆಯೊಳಗೆ ದುಂಡನೆಯ ಕಪ್ಪು ಕುಳಿ, ಅದರ ಸುತ್ತ ಬಿಳಿ ಅಂಚು ಕಾಣಿಸಿತು. ಅಂಚು ಅಷ್ಟು ಸ್ಪಷ್ಟವಾಗಿರುವುದು ಒಳ್ಳೆಯ ಲಕ್ಷಣ, ನಿಧಾನವಾಗಿ ಬೆಳೆದ ಸಾಧು ಗಂಟು ಎಂದು ವೈದ್ಯರು ಧೈರ್ಯ ಹೇಳಿದರು, ಆದರೂ ಎಂಆರ್‌ಐ ಮತ್ತು ಸಿಟಿ ಎರಡನ್ನೂ ಮಾಡಿಸಿದರು. ಆ ಕುಳಿ ಕೀಲಿನೊಳಗೆ ತೆರೆದುಕೊಂಡಿದೆಯೇ ಎಂದು ಸಿಟಿಯಲ್ಲಿ ನೋಡಿದರಂತೆ.

ಆಪರೇಷನ್‌ನಲ್ಲಿ ಕುಳಿಯನ್ನು ಕೆರೆದು ಶುಚಿ ಮಾಡಿ, ಸೊಂಟದ ಮೂಳೆಯಿಂದ ತೆಗೆದ ಚೂರುಗಳನ್ನು ತುಂಬಿದರು. ಕೆರೆದ ಪದಾರ್ಥವನ್ನು ಲ್ಯಾಬಿಗೆ ಕಳಿಸಿ, ಗ್ಯಾಂಗ್ಲಿಯಾನ್ ಎಂದು ಖಚಿತಪಡಿಸಿಕೊಂಡರು. ಮೂಳೆ ಕೂಡುವವರೆಗೆ ಆ ಕಾಲಿನ ಮೇಲೆ ಭಾರ ಹಾಕುವಂತಿರಲಿಲ್ಲ. ಈಗ ತೋಟದಲ್ಲಿ ಓಡಾಡುತ್ತಿದ್ದೇನೆ. ಮೇಡಂ, ಕಣ್ಣಿಗೆ ಕಾಣದ ಗಂಟಿನ ನೋವನ್ನು ಮನೆಯವರು ನಂಬುವುದು ಕಷ್ಟ. ನೀವು ತಮ್ಮನ ಮಾತನ್ನು ನಂಬಿ ಓಡಾಡುತ್ತಿದ್ದೀರಿ, ಅವನಿಗೆ ಅದೇ ದೊಡ್ಡ ಬಲ.

ಮರುಪ್ರಶ್ನೆ: ಹರಿಹರದ ಶಿಕ್ಷಕಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಶಾಖ ನಿಲ್ಲಿಸಿದ್ದೇವೆ. ಚರ್ಮ ಮತ್ತು ನರಗಳ ಪರೀಕ್ಷೆಯಲ್ಲಿ ಕುಷ್ಠದ ಲಕ್ಷಣ ಇಲ್ಲವೆಂದು ತಿಳಿಯಿತು. ಔಷಧಿ ಕೊಟ್ಟು ಎಂಆರ್‌ಐ ಮಾಡಿಸಿದೆವು. ಚೀಲದ ಅಂಚು ಮಾತ್ರ ಬೆಳಗಿದೆ, ಅದು ನರದ ಹೊರಗಿದ್ದು ಒಳಬದಿಯ ಅಂಗಾಲು ನರವನ್ನು ಒತ್ತಿದೆ, ಹರಡಿನ ಕೆಳಗಿನ ಕೀಲಿನಿಂದ ತೊಟ್ಟು ಹೊರಟಿದೆ ಎಂದು ವರದಿಯಲ್ಲಿದೆ. ಕೊನೆಯ ಸಾಲಿನಲ್ಲಿ ಮಾತ್ರ, ಹರಡಿನ ಮೂಳೆ ಮತ್ತು ಹಿಮ್ಮಡಿ ಮೂಳೆಯ ನಡುವಿನ ಕೀಲಿನ ಒಳಬದಿ ಸಹಜವಾಗಿಲ್ಲ, ಮೂಳೆಗಳು ಕೂಡಿಕೊಂಡಿರುವ ಸಾಧ್ಯತೆ ಇದೆ, ಸಿಟಿ ಮಾಡಿಸಿ ಎಂದು ಬರೆದಿದ್ದಾರೆ. ಇದು ಹೊಸ ಕಾಯಿಲೆಯೇ? ನರದ ವೇಗ ಅಳೆಯುವ ಪರೀಕ್ಷೆ ಹೆಚ್ಚುಕಡಿಮೆ ಸರಿಯಾಗಿಯೇ ಬಂದಿದೆ. ಹಾಗಾದರೆ ಆಪರೇಷನ್ ಮುಂದೂಡಬಹುದೇ?

ಉತ್ತರ: ಮೂಳೆ ಮತ್ತು ಕೀಲು ತಜ್ಞ, ಮೈಸೂರು

ಮೇಡಂ, ವರದಿ ಬರೆದವರು ಆ ಕೊನೆಯ ಸಾಲನ್ನು ಸೇರಿಸಿದ್ದು ಬಹಳ ಒಳ್ಳೆಯದಾಯಿತು. ಇದು ಹೊಸ ಕಾಯಿಲೆಯಲ್ಲ. ಕೆಲವರಲ್ಲಿ ಈ ಎರಡು ಮೂಳೆಗಳು ಹುಟ್ಟಿನಿಂದಲೇ ಪೂರ್ತಿ ಬೇರ್ಪಟ್ಟಿರುವುದಿಲ್ಲ. ಮೂಳೆಯಿಂದಲೋ ಮೃದ್ವಸ್ಥಿಯಿಂದಲೋ ನಾರಿನಂಥ ಅಂಗಾಂಶದಿಂದಲೋ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಎಷ್ಟೋ ಜನರಿಗೆ ಜೀವನಪೂರ್ತಿ ಅದು ಗೊತ್ತೇ ಆಗುವುದಿಲ್ಲ. ಆದರೆ ಬೆಸುಗೆಯ ಜಾಗದ ಕೀಲಿನ ಚಲನೆ ಸಹಜವಾಗಿರುವುದಿಲ್ಲವಾದ್ದರಿಂದ ಅಲ್ಲಿಂದ ಗ್ಯಾಂಗ್ಲಿಯಾನ್ ಹುಟ್ಟಿ ನೇರವಾಗಿ ಟಾರ್ಸಲ್ ಟನೆಲ್‌ಗೆ ನುಗ್ಗುವುದುಂಟು. ಬೆಸೆದುಕೊಂಡ ಮೂಳೆಯ ಉಬ್ಬೂ ಕೆಳಗಿನಿಂದ ನರವನ್ನು ಒತ್ತುತ್ತಿರಬಹುದು. ಒಳಗಿಣ್ಣಿನ ಕೆಳಗೆ ಬೆರಳಿಟ್ಟು ನೋಡಿ: ಎಡಗಾಲಿನಲ್ಲಿ ಇಲ್ಲದ ಗಟ್ಟಿ ಉಬ್ಬು ಬಲಗಾಲಿನಲ್ಲಿ ಕೈಗೆ ಸಿಗುತ್ತದೆಯೇ? ಹಿಮ್ಮಡಿಯನ್ನು ಹಿಡಿದು ಒಳಕ್ಕೂ ಹೊರಕ್ಕೂ ಹೊರಳಿಸಿದಾಗ ಬಲಗಾಲು ಬಿಗಿಯಾಗಿದೆಯೇ? ಗಂಟನ್ನು ಮಾತ್ರ ತೆಗೆದು ಈ ಬೆಸುಗೆಯನ್ನು ಗಮನಿಸದೆ ಬಿಟ್ಟರೆ ಗಂಟು ಮರಳಬಹುದು, ಮರಳದಿದ್ದರೂ ಉರಿ ಪೂರ್ತಿ ಹೋಗದಿರಬಹುದು. ಆದ್ದರಿಂದ ಸಿಟಿ ಮಾಡಿಸಿಯೇ ಮುಂದುವರಿಯಿರಿ.

ನರದ ಪರೀಕ್ಷೆ ಸರಿಯಾಗಿ ಬಂದ ಮಾತ್ರಕ್ಕೆ ನರ ಒತ್ತಿಲ್ಲ ಎಂದಲ್ಲ. ಅಂಗಾಲಿನ ನರಗಳಲ್ಲಿ ಈ ಪರೀಕ್ಷೆ ಕಷ್ಟದ್ದು, ತೊಂದರೆ ಇದ್ದವರಲ್ಲೂ ಎಷ್ಟೋ ಸಲ ಸಹಜವೆಂದೇ ಬರುತ್ತದೆ. ತಟ್ಟಿದಾಗ ಹೊಡೆದ ಆ ಶಾಕ್, ಜೋಮಿನ ಜಾಗ ಮತ್ತು ಎಂಆರ್‌ಐ ಮೂರೂ ಒಂದೇ ಕಡೆಗೆ ಬೆರಳು ತೋರಿಸುತ್ತಿವೆ. ಅವುಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಕೆಲವು ವಾರ ತಡವಾದರೆ ಗಾಬರಿಯಿಲ್ಲ. ಆದರೆ ಪಾದದ ಸಣ್ಣ ಸ್ನಾಯುಗಳು ಸೊರಗಿ ಅಂಗಾಲಿನ ಒಳಬದಿ ತೆಳುವಾಗತೊಡಗಿದರೆ, ಅಥವಾ ಜೋಮು ಬಿಟ್ಟು ಬಿಟ್ಟು ಬರುವ ಬದಲು ದಿನವಿಡೀ ಉಳಿದರೆ, ಇನ್ನು ಕಾಯಬಾರದು.

ಆಪರೇಷನ್ ಮಾಡುವವರನ್ನು ಒಂದು ಮಾತು ಕೇಳಿ: ಪಾದ ಮತ್ತು ಹರಡಿನ ಶಸ್ತ್ರಚಿಕಿತ್ಸೆಯನ್ನೇ ಹೆಚ್ಚಾಗಿ ಮಾಡುವವರೇ, ನರವನ್ನು ದೊಡ್ಡದಾಗಿ ತೋರಿಸುವ ಕನ್ನಡಕವನ್ನೋ ಮೈಕ್ರೋಸ್ಕೋಪನ್ನೋ ಬಳಸುತ್ತಾರೆಯೇ? ಹೀಗೆ ಕೇಳುವುದು ಅಗೌರವವಲ್ಲ. ಸಾಮಾನ್ಯವಾಗಿ ಸೊಂಟಕ್ಕೆ ಅರಿವಳಿಕೆ ಕೊಟ್ಟು, ಮೇಲಿನ ಪೊರೆಯನ್ನು ಬಿಡಿಸಿ, ಮೊದಲು ನರವನ್ನೂ ಧಮನಿಯನ್ನೂ ಗುರುತಿಸಿ ಪಕ್ಕಕ್ಕೆ ಸರಿಸುತ್ತಾರೆ. ಆಮೇಲೆ ಚೀಲವನ್ನು ತೊಟ್ಟಿನ ಬುಡದವರೆಗೆ ಬಿಡಿಸಿ ತೆಗೆಯುತ್ತಾರೆ. ಸಿಟಿಯಲ್ಲಿ ಬೆಸುಗೆ ಖಚಿತವಾದರೆ ನರವನ್ನು ಒತ್ತುವ ಮೂಳೆಯ ಉಬ್ಬನ್ನೂ ಅದೇ ಸಲ ಕೆತ್ತಿ ತೆಗೆಯಬಹುದು. ತೊಟ್ಟು ಸಮೇತ ತೆಗೆದರೆ ಮರಳುವ ಸಾಧ್ಯತೆ ಸೂಜಿಗಿಂತ ಬಹಳ ಕಡಿಮೆ, ಆದರೆ ಸೊನ್ನೆಯಲ್ಲ. ತೆಗೆದ ಚೀಲ ಚಿಕ್ಕದು, ನೋಡಿದರೆ ಗ್ಯಾಂಗ್ಲಿಯಾನೇ ಎಂದು ಅನಿಸಿದರೂ ಅದನ್ನು ಲ್ಯಾಬಿಗೆ ಕಳಿಸಲೇಬೇಕು. ಆ ವರದಿಯನ್ನು ನೀವೇ ಕೇಳಿ ಪಡೆದು ಕಾಪಾಡಿಕೊಳ್ಳಿ.

ಉತ್ತರ: ಫಿಸಿಯೋಥೆರಪಿಸ್ಟ್, ಮಂಗಳೂರು

ಆಪರೇಷನ್ ನಂತರದ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಸುಮಾರು ಎರಡು ವಾರ ಕಾಲಿಗೆ ಸ್ಲ್ಯಾಬ್ (ಅರ್ಧ ಪ್ಲಾಸ್ಟರ್ ಪಟ್ಟಿ) ಹಾಕಿ, ದಿಂಬಿನ ಮೇಲೆ ಎತ್ತರದಲ್ಲಿಟ್ಟು ವಿಶ್ರಾಂತಿ ಕೊಡುವುದು ರೂಢಿ. ಹೊಲಿಗೆ ಬಿಚ್ಚಿದ ಮೇಲೆ ಹರಡು ಮತ್ತು ಬೆರಳುಗಳನ್ನು ಮೆಲ್ಲಗೆ ಆಡಿಸಲು ಶುರು ಮಾಡುತ್ತೇವೆ, ಇಲ್ಲವಾದರೆ ನರದ ಸುತ್ತಲೇ ಕಲೆಯ ಅಂಗಾಂಶ ಕಟ್ಟಿಕೊಂಡು ಅದು ಮತ್ತೆ ಎಳೆದಂತಾಗುತ್ತದೆ. ಮೂಳೆಯನ್ನೂ ಕೆತ್ತಿದ್ದರೆ ಭಾರ ಹಾಕುವುದು ಯಾವಾಗ ಎಂದು ಸರ್ಜನ್ ಅವರೇ ಹೇಳಬೇಕು. ಕಂಡಕ್ಟರ್ ಕೆಲಸ ಎಂದರೆ ಅಲ್ಲಾಡುವ ಬಸ್ಸಿನಲ್ಲಿ ಗಂಟೆಗಟ್ಟಲೆ ಸಮತೋಲನ ಮಾಡುತ್ತ ನಿಲ್ಲುವುದು, ಆ ಹೊತ್ತೆಲ್ಲ ಹರಡಿಗೆ ಬಿಡುವೇ ಇರುವುದಿಲ್ಲ. ಆದ್ದರಿಂದ ಮನೆಯಲ್ಲಿ ನಡೆಯುವಂತಾದ ಕೂಡಲೇ ಡ್ಯೂಟಿಗೆ ಹೋಗುವುದು ಸರಿಯಲ್ಲ. ಕೆಲವು ಕಾಲ ಕುಳಿತು ಮಾಡುವ ಕೆಲಸ ಕೊಡಿ ಎಂದು ವೈದ್ಯರಿಂದ ಪತ್ರ ಬರೆಸಿಕೊಳ್ಳಲಿ.

ಉರಿ ಬೇಗ ತಗ್ಗಬಹುದು, ಜೋಮು ಮಾತ್ರ ನಿಧಾನ. ಒತ್ತಿ ಹಾಳಾದ ನರದ ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯುತ್ತದೆ, ಹರಡಿನಿಂದ ಹೆಬ್ಬೆರಳಿನ ತುದಿಗೆ ಒಂದು ಗೇಣಿನಷ್ಟು ದಾರಿಯಿದೆ. ಆದ್ದರಿಂದ ಹಲವು ತಿಂಗಳು ಕಾಯಬೇಕಾಗಬಹುದು. ಸ್ಪರ್ಶ ಮರಳುವಾಗ ಚುಚ್ಚಿದಂತೆ, ಇರುವೆ ಹರಿದಂತೆ ಅನಿಸಿದರೆ ಹೆದರಬೇಡಿ, ಸಾಮಾನ್ಯವಾಗಿ ಅದು ನರ ಚೇತರಿಸಿಕೊಳ್ಳುತ್ತಿರುವ ಲಕ್ಷಣ. ಅಲ್ಲಿಯವರೆಗೆ ಬರಿಗಾಲಿನಲ್ಲಿ ನಡೆಯಬಾರದು, ದಿನವೂ ಮಲಗುವ ಮುನ್ನ ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಮುಳ್ಳು ಚುಚ್ಚಿದರೂ ತಿಳಿಯದ ಕಾಲು ಅದು. ಮೀನಖಂಡದಲ್ಲಿ ಊತ ಮತ್ತು ನೋವು, ಗಾಯದಿಂದ ಕೀವು, ಜ್ವರ, ಅಥವಾ ಮೊದಲಿಲ್ಲದ ಹೊಸ ಜೋಮು ಕಂಡರೆ ಮುಂದಿನ ಭೇಟಿಯ ದಿನದವರೆಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.